8 ಮೈಲಿ ತಪ್ಪಿಸಲು 162 ಮೈಲಿ

ಮೊದಲ ದಿನ: ಡೆನ್ವರ್‌ನಿಂದ ರಿಜ್‌ವೇಗೆ

ಮಗಳ ಮನೆ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿದೆ. ನಾನು ಬಂದ ಮೊದಲ ವಾರವೇ ಅವಳು ನನ್ನನ್ನು ಹತ್ತಿರದ ಗೋಲ್ಡನ್ ಎಂಬ ಊರಿನಲ್ಲಿರುವ ಕೊಲೊರಾಡೊ ರೈಲ್‌ರೋಡ್ ಮ್ಯೂಸಿಯಂಗೆ ಕರೆದೊಯ್ದಿದ್ದಳು. ಅಲ್ಲಿ ಉಗಿ ಇಂಜಿನ್ನುಗಳ ನಡುವೆ ಬೆಳ್ಳಿಬಣ್ಣದ ವಿಚಿತ್ರ ವಾಹನಗಳು ನಿಂತಿದ್ದವು. ಮುಂಭಾಗ ಮೋಟಾರು ವಾಹನದ್ದು, ಹಿಂಭಾಗ ಸರಕು ಡಬ್ಬಿಯದು, ಅಡಿಯಲ್ಲಿ ರೈಲಿನ ಗಾಲಿ. ಅವುಗಳ ಹೆಸರು ಗ್ಯಾಲಪಿಂಗ್ ಗೂಸ್, ಎಂದರೆ ನಾಗಾಲೋಟದ ಹೆಬ್ಬಾತು. ಅವು ಓಡಾಡುತ್ತಿದ್ದ ರಿಯೊ ಗ್ರ್ಯಾಂಡ್ ಸದರ್ನ್ ಎಂಬ ರೈಲುಮಾರ್ಗದ ಬಗ್ಗೆ ಗೋಡೆಯ ಮೇಲಿದ್ದ ಬರಹವನ್ನು ಓದುತ್ತಿದ್ದಂತೆ, ಹಳಿ ನಿರ್ವಹಣೆಯ ಕೆಲಸದಲ್ಲಿಯೇ ನಿವೃತ್ತನಾದ ನನಗೆ ಒಂದು ಲೆಕ್ಕ ತಾಳೆಯಾಗಲಿಲ್ಲ. ಈ ಮಾರ್ಗ ಪೂರ್ಣಗೊಂಡದ್ದು 1891ರ ಡಿಸೆಂಬರ್‌ನಲ್ಲಿ, ದಿವಾಳಿಯಾದದ್ದು 1893ರಲ್ಲಿ, ಮುಚ್ಚಿದ್ದು 1951ರಲ್ಲಿ. ಎರಡು ವರ್ಷಕ್ಕೇ ದಿವಾಳಿಯಾದ ಸಂಸ್ಥೆಯೊಂದು ಆ ಬಳಿಕ ಐವತ್ತೆಂಟು ವರ್ಷ ಹೇಗೆ ಉಸಿರಾಡಿತು?

ಗ್ರ್ಯಾಂಡ್ ಕ್ಯಾನ್ಯನ್‌ಗೆಂದು ಮಗಳು ತೆಗೆದಿಟ್ಟಿದ್ದ ರಜೆಯನ್ನು ನಾನು ಈ ಪ್ರಶ್ನೆಗಾಗಿ ಕಸಿದುಕೊಂಡೆ. "ಅಪ್ಪ, ಅಲ್ಲಿ ಈಗ ಹಳಿಯೇ ಇಲ್ಲವಂತಲ್ಲ, ಏನು ನೋಡುತ್ತೀರಿ?" ಎಂದು ಅವಳು ಕೇಳಿದಳು. ಹಳಿ ಹೋದರೂ ಏರಿ ಇರುತ್ತದೆ, ಕಟಿಂಗ್ ಇರುತ್ತದೆ, ಮೋರಿ ಇರುತ್ತದೆ, ಅಷ್ಟು ಸಾಕು ಎಂದೆ.

ಸೆಪ್ಟೆಂಬರ್ ಕೊನೆಯ ವಾರ ಬೆಳಿಗ್ಗೆ ಡೆನ್ವರ್ ಬಿಟ್ಟು, ಮಾನಾರ್ಕ್ ಪಾಸ್ ದಾಟಿ, ಗನ್ನಿಸನ್ ಮತ್ತು ಮಾಂಟ್ರೋಸ್ ಮೂಲಕ ಸಂಜೆಯ ಹೊತ್ತಿಗೆ ರಿಜ್‌ವೇ ಸೇರಿದೆವು. ದಾರಿಯುದ್ದಕ್ಕೂ ಆಸ್ಪೆನ್ ಮರಗಳ ಎಲೆ ಹಳದಿಗೆ ತಿರುಗಿತ್ತು. ಅದರ ವರ್ಣನೆಗೆ ಇಲ್ಲಿ ಜಾಗವಿಲ್ಲ.

ರಿಜ್‌ವೇ ಈ ರೈಲಿಗಾಗಿಯೇ ಹುಟ್ಟಿದ ಊರು. ಊರಿನ ಹೆಸರೂ ಡೆನ್ವರ್ ಅಂಡ್ ರಿಯೊ ಗ್ರ್ಯಾಂಡ್ ರೈಲ್ವೆಯ ಅಧಿಕಾರಿಯೊಬ್ಬರದು. ಮಾಂಟ್ರೋಸ್ ಕಡೆಯಿಂದ ಬರುತ್ತಿದ್ದ ಆ ದೊಡ್ಡ ಕಂಪನಿಯ ಹಳಿಗೆ ಇಲ್ಲಿ ಕೊಂಡಿ ಹಾಕಿ, ದಕ್ಷಿಣದ ಡುರಾಂಗೊದಲ್ಲಿ ಮತ್ತೆ ಅದೇ ಕಂಪನಿಯ ಹಳಿಗೆ ಸೇರಿಸುವುದು ಯೋಜನೆ. ಉದ್ದ 162 ಮೈಲಿ, ಎಂದರೆ ಸುಮಾರು 260 ಕಿಲೋಮೀಟರ್; ಹಳಿಗಳ ನಡುವಿನ ಅಂತರ 3 ಅಡಿ. ಕಟ್ಟಿಸಿದಾತ ಆಟೊ ಮಿಯರ್ಸ್. ಆಗಿನ ರಷ್ಯಾ ಸಾಮ್ರಾಜ್ಯದ ಕೂರ್ಲಾಂಡ್‌ನಲ್ಲಿ 1840ರಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ಅನಾಥನಾಗಿ, ಬಾಲಕನಾಗಿದ್ದಾಗಲೇ ಕ್ಯಾಲಿಫೋರ್ನಿಯಾ ಸೇರಿದ ಈತ, ಸಾನ್ ಹ್ವಾನ್ ಪರ್ವತಗಳಲ್ಲಿ ಸುಂಕದ ರಸ್ತೆಗಳನ್ನು ಕಡಿದು ಹಣ ಮಾಡಿದ. ಅಲ್ಲಿನ ಮೂಲನಿವಾಸಿಗಳಾದ ಊಟ್ ಜನರ ಭಾಷೆಯನ್ನು ಕಲಿತಿದ್ದ. ಅದೇ ಭಾಷೆಯ ಬಲದಿಂದ, ನೆಲ ಬಿಟ್ಟುಕೊಡುವ 1880ರ ಒಪ್ಪಂದಕ್ಕೆ ಅವರ ಒಪ್ಪಿಗೆ ಪಡೆಯಲು ತಲೆಗೆ ಎರಡು ಡಾಲರ್ ಹಂಚಿದ. ಮರುವರ್ಷ ಆ ಜನರನ್ನು ಈ ಕಣಿವೆಯಿಂದ ಯೂಟಾದ ಕಡೆಗೆ ಸಾಗಹಾಕಲಾಯಿತು. ರೈಲು ಹಾಕಲು ನೆಲ ಖಾಲಿಯಾದದ್ದು ಹಾಗೆ. ಈ ಸಂಗತಿಯನ್ನು ಬಿಟ್ಟು ಮಿಯರ್ಸ್‌ನ ಸಾಹಸವನ್ನು ಹೊಗಳುವವರ ಮಾತು ನನಗೆ ಅರ್ಧ ಕಥೆಯಂತೆ ಕಾಣುತ್ತದೆ.

ಎರಡನೆಯ ದಿನ: ರಿಜ್‌ವೇಯಿಂದ ಟೆಲ್ಯುರೈಡ್‌ಗೆ

ನಕ್ಷೆಯನ್ನು ಹರಡಿ ಮಗಳಿಗೆ ಮೊದಲು ತೋರಿಸಿದ್ದು ಮಾರ್ಗದ ಆಕಾರವನ್ನು. ರಿಜ್‌ವೇಯ ದಕ್ಷಿಣಕ್ಕೆ ಹತ್ತು ಮೈಲಿಯಲ್ಲಿ ಯೂರೇ ಪಟ್ಟಣ. ಅದರಾಚೆ ಕಡಿದಾದ ಕಮರಿ. ಕಮರಿಯ ಮೇಲ್ತುದಿಯಲ್ಲಿ ಐರನ್‌ಟನ್ ಎಂಬ ಗಣಿಯೂರು. ಮಿಯರ್ಸ್‌ನ ಇನ್ನೊಂದು ಪುಟ್ಟ ರೈಲು, ಸಿಲ್ವರ್‌ಟನ್ ರೈಲ್‌ರೋಡ್, 1889ರ ಹೊತ್ತಿಗೆ ದಕ್ಷಿಣದಿಂದ ಬಂದು ಐರನ್‌ಟನ್‌ವರೆಗೆ ತಲುಪಿತ್ತು. ಅಲ್ಲಿಂದ ಯೂರೇಗೆ ಉಳಿದದ್ದು ಸುಮಾರು 8 ಮೈಲಿ. ಆ ಎಂಟು ಮೈಲಿಯಲ್ಲಿ ಹಳಿ ಇಳಿಸಲಾಗದೆ ಆತ ಇಡೀ ಪರ್ವತ ಸಮೂಹವನ್ನೇ ಪಶ್ಚಿಮದಿಂದ ಬಳಸಿ ಬರಲು ಹೊರಟ. ಆ ಕಮರಿಯನ್ನು ಈಗಲೇ ನೋಡಿಬಿಡೋಣ ಎಂದು ಮಗಳೆಂದಳು. ಬೇಡ, ಮಿಯರ್ಸ್ ಹೋದ ಹಾಗೆಯೇ ಸುತ್ತು ಹಾಕಿ ಕೊನೆಗೆ ಅಲ್ಲಿಗೆ ಬರೋಣ ಎಂದು ನಾನು ಹಟ ಹಿಡಿದೆ.

ರಿಜ್‌ವೇಯ ಪುಟ್ಟ ರೈಲ್ವೆ ಸಂಗ್ರಹಾಲಯದಲ್ಲಿ ಮೊದಲ ಹೆಬ್ಬಾತಿನ ಪ್ರತಿಕೃತಿಯನ್ನು ನೋಡಿಕೊಂಡು ಡಲ್ಲಾಸ್ ಡಿವೈಡ್‌ನತ್ತ ಹೊರಟೆವು. ಸುಮಾರು 7,000 ಅಡಿಯಲ್ಲಿರುವ ಊರಿನಿಂದ 9,000 ಅಡಿಗೆ ತುಸು ಕಡಿಮೆಯಿರುವ ಆ ಕಣಿವೆಯ ತಲೆಯವರೆಗೆ ಹೆದ್ದಾರಿಯ ಪಕ್ಕದಲ್ಲೇ ಹಳೆಯ ಏರಿ ಕಾಣಿಸಿಕೊಳ್ಳುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ನೂರಕ್ಕೆ ನಾಲ್ಕರ ಏರು; ನಮ್ಮ ರೈಲ್ವೆಯ ಮಾತಿನಲ್ಲಿ 25ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಾಟಿಯಲ್ಲಿ ಅದು 50ಕ್ಕೆ 1. ಅದರ ಇಮ್ಮಡಿ ಏರಿನಲ್ಲಿ, ಹಗುರ ಹಳಿಯ ಮೇಲೆ, ಸಣ್ಣ ಇಂಜಿನ್ನು ಎಷ್ಟು ಡಬ್ಬಿಗಳನ್ನು ಎಳೆದೀತು ಎಂದು ಊಹಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಇಂಜಿನ್ನುಗಳನ್ನು ಜೋಡಿಸಿದರೆ ಮಾತ್ರ ತಕ್ಕಮಟ್ಟಿನ ಗಾಡಿ. ಜೋಡಿಸಿದಷ್ಟೂ ಕಲ್ಲಿದ್ದಲು, ಜನ, ಖರ್ಚು.

ಡಿವೈಡ್ ದಾಟಿ ಲೆಪರ್ಡ್ ಕ್ರೀಕ್ ಹಳ್ಳದ ಜೊತೆ ಇಳಿದರೆ ಪ್ಲಾಸರ್‌ವಿಲ್. ಇಂದು ಕೆಲವೇ ಮನೆಗಳಿರುವ ಈ ಜಾಗದಲ್ಲಿ ಒಂದು ಕಾಲಕ್ಕೆ ಶರತ್ಕಾಲ ಬಂತೆಂದರೆ ಬೆಟ್ಟದ ಮೇಯುವ ಮಾಳಗಳಿಂದ ಇಳಿದ ಕುರಿ ಮತ್ತು ದನಗಳ ಹಿಂಡುಗಳು ರೈಲಿಗಾಗಿ ಕಾಯುತ್ತಿದ್ದವು. ಬೆಳ್ಳಿ ಕೈಕೊಟ್ಟ ವರ್ಷಗಳಲ್ಲೂ ಕುರಿ ಕೈಬಿಡಲಿಲ್ಲ. ನನ್ನ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಇದು.

ಅಲ್ಲಿಂದ ಸಾನ್ ಮಿಗೆಲ್ ನದಿಯನ್ನು ಹಿಡಿದು ಮೇಲೆ ಹೋದರೆ, ನದಿ ಕವಲೊಡೆಯುವಲ್ಲಿ ವ್ಯಾನ್ಸ್ ಜಂಕ್ಷನ್. ಮುಖ್ಯ ಮಾರ್ಗ ದಕ್ಷಿಣದ ಕವಲನ್ನು ಹಿಡಿಯುತ್ತಿತ್ತು. ಟೆಲ್ಯುರೈಡ್‌ಗೆ ಹೋಗುವುದು ಕವಲು ಮಾರ್ಗ. ಸಂಜೆ ಟೆಲ್ಯುರೈಡ್‌ನಲ್ಲಿ ತಂಗಿದೆವು. ಈಗ ಅದು ಸ್ಕೀಯಿಂಗ್‌ಗೆ ಬರುವ ಸಿರಿವಂತರ ಊರು, ಒಂದು ಲೋಟ ಕಾಫಿಯ ಬೆಲೆ ಕೇಳಿ ನಾನು ನೀರು ಕುಡಿದೆ. ನದಿಯ ದಂಡೆಯಲ್ಲಿ ಹಳೆಯ ನಿಲ್ದಾಣದ ಕಟ್ಟಡ ಇನ್ನೂ ಇದೆ. 1890ರ ನವೆಂಬರ್‌ನಲ್ಲಿ ಇಲ್ಲಿಗೆ ಮೊದಲ ರೈಲು ಬಂದಾಗ ಗಣಿಯ ಮಾಲೀಕರಿಗೆ ಅದಿರು ಸಾಗಿಸಲು ಹೇಸರಗತ್ತೆಗಳ ಸಾಲನ್ನು ನೆಚ್ಚಿ ಕೂರುವ ಗತಿ ತಪ್ಪಿತು. ಅದೇ ರೈಲು 1904ರ ಮಾರ್ಚ್‌ನಲ್ಲಿ ಇನ್ನೊಂದು ಕೆಲಸಕ್ಕೂ ಒದಗಿತು: ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರನ್ನು ಬಂದೂಕು ಹಿಡಿದ ಗುಂಪು ರಾತ್ರಿ ಮನೆಗಳಿಂದ ಎಬ್ಬಿಸಿ, ಗಾಡಿಗೆ ಹತ್ತಿಸಿ, ಊರಿನಿಂದ ಹೊರಗಟ್ಟಿತು. ನಿಲ್ದಾಣದ ಮುಂದೆ ನಿಂತಾಗ ನನಗೆ ಮೊದಲು ನೆನಪಾದದ್ದು ಆ ಗಾಡಿಯ ಗಾರ್ಡು. ಆ ರಾತ್ರಿ ಹಸಿರು ದೀಪ ತೋರಿಸಿದವನೂ ಸಂಬಳದ ಮೇಲೆ ದುಡಿಯುವವನೇ.

ಮೂರನೆಯ ದಿನ: ಏಮ್ಸ್, ಓಫರ್, ಟ್ರೌಟ್ ಲೇಕ್, ಲಿಝರ್ಡ್ ಹೆಡ್, ರಿಕೊ

ಇಡೀ ಮಾರ್ಗದ ಕಠಿಣ ಭಾಗ ಇದೇ. ಹಳೆಯ ಕುರುಹುಗಳು ಹೆಚ್ಚಾಗಿ ಉಳಿದಿರುವುದೂ ಇಲ್ಲೇ. ಆದ್ದರಿಂದ ಬೆಳಗಾಗುವ ಮುನ್ನವೇ ಹೊರಟೆವು.

ದಕ್ಷಿಣ ಕವಲಿನ ಕಣಿವೆಯಲ್ಲಿ ಮೊದಲು ಸಿಗುವುದು ಏಮ್ಸ್. ರೈಲಿನ ಕಥೆಗೆ ನೇರವಾಗಿ ಸೇರದಿದ್ದರೂ ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಬೆಟ್ಟದ ಮೇಲಿನ ಗೋಲ್ಡ್ ಕಿಂಗ್ ಗಣಿಗೆ ಕಲ್ಲಿದ್ದಲು ಹೊತ್ತು ತರುವ ಖರ್ಚೇ ಗಣಿಯನ್ನು ಮುಳುಗಿಸುತ್ತಿದ್ದಾಗ, ಎಲ್. ಎಲ್. ನನ್ ಎಂಬ ವಕೀಲರು ವೆಸ್ಟಿಂಗ್‌ಹೌಸ್ ಕಂಪನಿಯ ಯಂತ್ರಗಳನ್ನು ತರಿಸಿ, ಹಳ್ಳದ ನೀರಿನಿಂದ ಪರ್ಯಾಯ ವಿದ್ಯುತ್ತನ್ನು, ಎಂದರೆ ಎಸಿ ಕರೆಂಟನ್ನು, ಉತ್ಪಾದಿಸಿ, ಎರಡೂವರೆ ಮೈಲಿಗೂ ಹೆಚ್ಚು ದೂರದ ಗಣಿಗೆ 1891ರಲ್ಲಿ ತಂತಿಯ ಮೂಲಕ ಕಳುಹಿಸಿದರು. ಉದ್ಯಮದ ಬಳಕೆಗಾಗಿ ಪರ್ಯಾಯ ವಿದ್ಯುತ್ತನ್ನು ಹೀಗೆ ಸಾಗಿಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ಹನ್ನೊಂದು ವರ್ಷಗಳ ಬಳಿಕ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತು ಮೈಲಿಗೂ ಹೆಚ್ಚು ದೂರ ವಿದ್ಯುತ್ತು ಹರಿಯಿತು. ಎರಡೂ ಕಡೆ ವಿದ್ಯುತ್ತು ಹೋದದ್ದು ಚಿನ್ನದ ಗಣಿಗೇ.

ಏಮ್ಸ್‌ನಿಂದ ಮೇಲಕ್ಕೆ ಓಫರ್ ಲೂಪ್. ಕಣಿವೆಯ ತಳದಿಂದ ಎದುರಿನ ಬಂಡೆಯ ಅಂಚಿಗೆ ನೇರವಾಗಿ ಏರಲಾಗದೆ, ಎಂಜಿನಿಯರುಗಳು ಹಳಿಯನ್ನು ಕಣಿವೆಯೊಳಕ್ಕೆ ಒಯ್ದು, ಎತ್ತರದ ಮರದ ಸೇತುವೆಗಳ ಮೇಲೆ ಅರ್ಧ ವೃತ್ತವಾಗಿ ತಿರುಗಿಸಿ, ಬಂದ ದಿಕ್ಕಿಗೇ ಮುಖ ಮಾಡಿ ಎದುರು ಇಳಿಜಾರಿನಲ್ಲಿ ಏರಿಸಿದರು. ಮೇಲೆ ಹೋಗುವ ಗಾಡಿಯ ಕಿಟಕಿಯಿಂದ ತಾನು ಸ್ವಲ್ಪ ಹೊತ್ತಿನ ಹಿಂದೆ ದಾಟಿದ ಹಳಿ ಪಾತಾಳದಲ್ಲಿ ಕಾಣುತ್ತಿತ್ತು. ಇಂದಿನ ಹೆದ್ದಾರಿ ಆ ಹಳಿಯ ಜಾಗವನ್ನು ಅಲ್ಲಲ್ಲಿ ನುಂಗಿದೆ. ಸೇತುವೆಗಳು ಹೋಗಿವೆ, ಆದರೆ ಇಳಿಜಾರಿನಲ್ಲಿ ಕೊಳೆಯುತ್ತ ನಿಂತ ಮರದ ಕಂಬಗಳ ಬುಡಗಳನ್ನು ಹುಡುಕಿ ನಾನು ಒಂದು ಗಂಟೆ ಅಲೆದೆ. ಮಗಳು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿಕೊಂಡು, ಅಪ್ಪನ ವಯಸ್ಸನ್ನೂ ಆ ಎತ್ತರದ ಗಾಳಿಯನ್ನೂ ನೆನಪಿಸುತ್ತ ಎರಡು ಬಾರಿ ಕೂಗಿ ಕರೆದಳು. ಉಸಿರು ನಿಜವಾಗಿಯೂ ಸಾಲುತ್ತಿರಲಿಲ್ಲ.

ಇಂಥ ಜಾಗದಲ್ಲಿ ಹಳಿ ಹಾಕುವುದಕ್ಕಿಂತ ಕಾಯುವುದು ಕಷ್ಟ. ಮಳೆಗಾಲದಲ್ಲಿ ಎಡಕುಮರಿಯ ಆಸುಪಾಸಿನಲ್ಲಿ ರಾತ್ರಿ ಗಸ್ತು ಹೋದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಳೆಯ ಬದಲು ಹಿಮ, ಜೊತೆಗೆ ಕುಸಿತ. 1909ರ ಸೆಪ್ಟೆಂಬರ್‌ನಲ್ಲಿ ಮೇಲಿನ ಟ್ರೌಟ್ ಲೇಕ್‌ನ ಒಡ್ಡು ಒಡೆದು, ಕೆಳಗಿನ ಕಣಿವೆಯಲ್ಲಿ ಮೈಲಿಗಟ್ಟಲೆ ಹಳಿ ಕೊಚ್ಚಿಹೋಯಿತು. 1929ರಲ್ಲಿ ಏಮ್ಸ್ ಬಳಿ ಗುಡ್ಡವೇ ಜಾರಿ ಹಳಿಯ ಮೇಲೆ ಕುಳಿತಾಗ, ಸಂಸ್ಥೆಯ ಬಳಿ ಅದನ್ನು ತೆಗೆಯಲು ಬೇಕಾದ ಹಣವಿರಲಿಲ್ಲ. ಮತ್ತೆ ನ್ಯಾಯಾಲಯದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಆ ಆಡಳಿತಾಧಿಕಾರಿ ವಿಕ್ಟರ್ ಮಿಲ್ಲರ್. ಆತನ ಹೆಸರು ನಾಳೆ ಮತ್ತೆ ಬರುತ್ತದೆ.

ಮಧ್ಯಾಹ್ನದ ಬುತ್ತಿಯನ್ನು ಟ್ರೌಟ್ ಲೇಕ್ ದಂಡೆಯಲ್ಲಿ ಬಿಚ್ಚಿದೆವು. ಮಗಳು ತಂದಿದ್ದ ಚಿತ್ರಾನ್ನ ಚಳಿಗೆ ಗಟ್ಟಿಯಾಗಿತ್ತು. ಸರೋವರದಾಚೆ ಮಣ್ಣಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಉಗಿ ಇಂಜಿನ್ನಿಗೆ ನೀರು ತುಂಬುತ್ತಿದ್ದ ಮರದ ತೊಟ್ಟಿ ಸಿಗುತ್ತದೆ. ಅದರಾಚೆ ಒಂದು ಟ್ರೆಸ್ಟಲ್, ಎಂದರೆ ಸಾಲು ಮರದ ಕಂಬಗಳ ಸೇತುವೆ, ಬಾಗುತಿರುವಿನಲ್ಲಿ, ಇನ್ನೂ ನಿಂತಿದೆ. ಅದರಡಿ ನಿಂತು ನಾನು ಕಂಬಗಳನ್ನು ಎಣಿಸಿದೆ, ಅಡ್ಡಪಟ್ಟಿಗಳ ಬೋಲ್ಟುಗಳನ್ನು ಮುಟ್ಟಿ ನೋಡಿದೆ. ಬಾಗುತಿರುವಿಗೆ ಕೊಡಬೇಕಾದ ಓರೆಯನ್ನು ಸೇತುವೆಯ ಮೇಲೂ ಹೇಗೆ ಕೊಟ್ಟಿದ್ದಾರೆ ಎಂದು ಮಗಳಿಗೆ ವಿವರಿಸುತ್ತಿದ್ದಾಗ ಅವಳು ಫೋಟೊ ತೆಗೆಯುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ.

ಮಾರ್ಗದ ಅತ್ಯಂತ ಎತ್ತರದ ಜಾಗ ಲಿಝರ್ಡ್ ಹೆಡ್ ಪಾಸ್, 10,200 ಅಡಿಗೂ ಮೇಲೆ. ಓತಿಕ್ಯಾತ ಕತ್ತೆತ್ತಿದಂತೆ ಕಾಣುವ ಕಲ್ಲಿನ ಮೊನೆಯಿಂದ ಆ ಹೆಸರು. ಏರುವಾಗ ನೆರವಿಗೆ ಬಂದ ಇಂಜಿನ್ನುಗಳನ್ನು ಇಲ್ಲಿ ಬಿಡಿಸಿ ತಿರುಗಿಸಬೇಕಿತ್ತು. ಹಿಮದಲ್ಲಿ ಆ ಕೆಲಸ ಸಾಗಲೆಂದು ಮರದ ಭಾರಿ ಚಪ್ಪರವನ್ನು ಕಟ್ಟಿದ್ದರು. ಈಗ ಹುಲ್ಲುಗಾವಲಿನ ನಡುವೆ ಏರಿಯ ಗೆರೆ, ಅಲ್ಲಲ್ಲಿ ಕೊಳೆತ ಮರದ ತುಂಡು. ಗಾಳಿ ಎಷ್ಟು ಚುಚ್ಚುತ್ತಿತ್ತೆಂದರೆ ಹತ್ತು ನಿಮಿಷಕ್ಕೆ ಕಾರು ಸೇರಿದೆವು. ಇಲ್ಲಿಂದ ಡೊಲೊರೆಸ್ ನದಿಯ ಜೊತೆ ಇಳಿಜಾರು. ಕತ್ತಲಾಗುವ ಮುನ್ನ ರಿಕೊ ತಲುಪಿದೆವು.

ರಿಕೊ ಎಂದರೆ ಸ್ಪ್ಯಾನಿಷ್‌ನಲ್ಲಿ ಸಿರಿವಂತ. ಉತ್ತರ ಮತ್ತು ದಕ್ಷಿಣದಿಂದ ಏಕಕಾಲಕ್ಕೆ ಹಾಕುತ್ತ ಬಂದ ಹಳಿಗಳು 1891ರ ಡಿಸೆಂಬರ್‌ನಲ್ಲಿ ಕೂಡಿದ್ದು ಈ ಊರಿನ ದಕ್ಷಿಣಕ್ಕೆ. ಮಿಯರ್ಸ್ ಆ ಉತ್ಸಾಹದಲ್ಲಿ ಗಣ್ಯರಿಗೆ ಕೊಡುವ ಉಚಿತ ಪಾಸುಗಳನ್ನು ಬೆಳ್ಳಿಯ ತಂತಿಯಲ್ಲಿ ಹೆಣೆಸಿದ. ನಮ್ಮಲ್ಲಿ ರಟ್ಟಿನ ಪಾಸಿಗಾಗಿ ಅರ್ಜಿ ಬರೆದು ವಾರಗಟ್ಟಲೆ ಕಾದದ್ದು ನೆನಪಾಗಿ ನಗು ಬಂತು. ಆ ನಗು ಆತನಿಗೆ ಹೆಚ್ಚು ದಿನ ಉಳಿಯಲಿಲ್ಲ. ಮಾರ್ಗದ ಆದಾಯವೆಲ್ಲ ಬೆಳ್ಳಿಯ ಅದಿರನ್ನು ನೆಚ್ಚಿತ್ತು. ಬೆಳ್ಳಿಯ ಬೆಲೆಯೋ, ಸರ್ಕಾರ ಶೆರ್ಮನ್ ಕಾಯ್ದೆಯಡಿ ಪ್ರತಿ ತಿಂಗಳೂ ಕೊಳ್ಳುತ್ತಿದ್ದ ಬೆಳ್ಳಿಯನ್ನು ನೆಚ್ಚಿತ್ತು. 1893ರ ಬೇಸಿಗೆಯಲ್ಲಿ ಬೆಲೆ ಕುಸಿಯಿತು, ವರ್ಷಾಂತ್ಯದೊಳಗೆ ಕಾಯ್ದೆಯ ಖರೀದಿಯೂ ರದ್ದಾಯಿತು. ಗಣಿಗಳು ಬಾಗಿಲು ಹಾಕಿದವು. ಆಗಸ್ಟ್‌ನಲ್ಲಿ ರೈಲು ದಿವಾಳಿ. ಮಿಯರ್ಸ್‌ನ ಕೈತಪ್ಪಿದ ಮಾರ್ಗ ಡೆನ್ವರ್ ಅಂಡ್ ರಿಯೊ ಗ್ರ್ಯಾಂಡ್ ಕಂಪನಿಯ ಹಿಡಿತಕ್ಕೆ ಬಂತು. ದೊಡ್ಡ ಕಂಪನಿ ಅದನ್ನು ಮುಚ್ಚಲೂ ಇಲ್ಲ, ಬೆಳೆಸಲೂ ಇಲ್ಲ.

ನಾಲ್ಕನೆಯ ದಿನ: ಡೊಲೊರೆಸ್

ರಿಕೊದಿಂದ ಡೊಲೊರೆಸ್‌ವರೆಗೆ ನದಿಯ ಜೊತೆ ಸುಲಭದ ಇಳಿಜಾರು. ಡೊಲೊರೆಸ್ ಪಟ್ಟಣ ರೈಲು ಬರುವ ಮುನ್ನ ಈ ಜಾಗದಲ್ಲಿ ಇರಲಿಲ್ಲ. ಸ್ವಲ್ಪ ಕೆಳಗೆ ನದಿಯ ತಿರುವಿನಲ್ಲಿ ಬಿಗ್ ಬೆಂಡ್ ಎಂಬ ಊರಿತ್ತು. ಹಳಿ ಅಲ್ಲಿಗೆ ಹೋಗದ್ದರಿಂದ ಊರೇ ಹಳಿಯ ಬಳಿಗೆ ಬಂತು.

ಇಲ್ಲಿ ಹಳೆಯ ನಿಲ್ದಾಣದ ಮಾದರಿಯಲ್ಲೇ ಕಟ್ಟಿದ ಸಂಗ್ರಹಾಲಯವಿದೆ, ಅದರ ಪಕ್ಕದಲ್ಲಿ 5ನೆಯ ನಂಬರಿನ ಹೆಬ್ಬಾತು. ನನ್ನ ಪ್ರಶ್ನೆಯ ಮುಖ್ಯ ಉತ್ತರ ಇದರೊಳಗೇ ಕೂತಿತ್ತು, ಆದ್ದರಿಂದ ಅರ್ಧ ದಿನ ಅಲ್ಲೇ ಕಳೆದೆ.

ಮಿಲ್ಲರ್ ಅಧಿಕಾರ ವಹಿಸಿಕೊಂಡಾಗ ಆರ್ಥಿಕ ಕುಸಿತದ ಕಾಲ. ಉಗಿ ಇಂಜಿನ್ನಿನ ಪ್ರಯಾಣಿಕ ಗಾಡಿಗೆ ಡ್ರೈವರ್, ಫೈರ್‌ಮನ್, ಕಂಡಕ್ಟರ್, ಬ್ರೇಕ್‌ಮನ್ ಎಲ್ಲರೂ ಬೇಕು, ಕಲ್ಲಿದ್ದಲೂ ಬೇಕು. ಹತ್ತುವವರು ಮಾತ್ರ ಬೆರಳೆಣಿಕೆ. ಆದರೆ ಗಾಡಿಯನ್ನು ನಿಲ್ಲಿಸುವಂತಿಲ್ಲ, ಏಕೆಂದರೆ ಅಂಚೆಯ ಗುತ್ತಿಗೆ ಕೈತಪ್ಪುತ್ತದೆ, ಖಚಿತವಾಗಿ ಬರುತ್ತಿದ್ದ ಹಣ ಅದೊಂದೇ. ಆಗ ರಿಜ್‌ವೇ ವರ್ಕ್‌ಶಾಪಿನ ಜ್ಯಾಕ್ ಓಡನ್‌ಬಾ ಎಂಬ ಮೆಕ್ಯಾನಿಕ್, ಒಂದು ಬ್ಯುಯಿಕ್ ಕಾರಿಗೆ ರೈಲು ಗಾಲಿಗಳನ್ನು ಜೋಡಿಸಿ, ಹಿಂದೆ ಸಾಮಾನು ಹೊರುವ ಪೆಟ್ಟಿಗೆಯನ್ನು ಕಟ್ಟಿ, 1931ರಲ್ಲಿ ಮೊದಲ ಹೆಬ್ಬಾತನ್ನು ಹಳಿಗೆ ಇಳಿಸಿದ. ಓಡಿಸಲು ಒಬ್ಬ ಸಾಕು. ಅವನೇ ಚಾಲಕ, ಅವನೇ ಟಿಕೆಟ್ ಕೊಡುವವ, ಅವನೇ ಅಂಚೆ ಮೂಟೆ ಇಳಿಸುವವ. ಕೆಲವೇ ವಾರಗಳ ಉಳಿತಾಯದಲ್ಲಿ ಅದರ ಖರ್ಚು ಹುಟ್ಟಿತು. ಮುಂದೆ ಪಿಯರ್ಸ್-ಆ್ಯರೋ ಎಂಬ ದುಬಾರಿ ಕಾರಿನ ಹಳೆಯ ಕವಚಗಳನ್ನು ಬಳಸಿ ಇನ್ನಷ್ಟು ಕಟ್ಟಿದರು, ಒಟ್ಟು ಏಳು. ಎಂಜಿನ್ ಕಾಯದಿರಲೆಂದು ಮುಂಭಾಗದ ಮುಚ್ಚಳಗಳನ್ನು ಎರಡೂ ಬದಿಗೆ ತೆರೆದಿಟ್ಟರೆ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತಿತ್ತು, ಸೊಟ್ಟ ಹಳಿಯ ಮೇಲೆ ಅತ್ತಿತ್ತ ಓಲಾಡಿಕೊಂಡು ಹೋಗುತ್ತಿತ್ತು. ಹೆಬ್ಬಾತು ಎಂಬ ಹೆಸರನ್ನು ಜನ ಇಟ್ಟದ್ದು ಹಾಗೆ. ಸಂಸ್ಥೆಯ ಕಾಗದಗಳಲ್ಲಿ ಅದು ಬರೀ ಮೋಟಾರ್ ಎಂದೇ ಇತ್ತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ರೈಲ್‌ಬಸ್ಸಿನಲ್ಲಿ ಕೂತು ಬಂದವರಿಗೆ ಈ ಲೆಕ್ಕಾಚಾರ ಹೊಸದಲ್ಲ.

ಮಿಯರ್ಸ್ ತೀರಿಕೊಂಡದ್ದೂ 1931ರಲ್ಲೇ, ತೊಂಬತ್ತೊಂದರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ಬೆಳ್ಳಿ ಪಾಸಿನ ರೈಲು ಹಳೆಯ ಕಾರುಗಳ ಮೇಲೆ ಓಡಲು ತೊಡಗಿದ್ದು ಆತನಿಗೆ ತಿಳಿದಿತ್ತೇ ಎಂದು ಯೋಚಿಸಿದೆ.

ಸಂಗ್ರಹಾಲಯದಲ್ಲಿ ಸ್ವಯಂಸೇವಕರಾಗಿದ್ದ ವೃದ್ಧರೊಬ್ಬರು ನಾನು ಯಾವ ಕೆಲಸದಲ್ಲಿದ್ದೆ ಎಂದು ಮಗಳಿಂದ ತಿಳಿದುಕೊಂಡು, ಹೆಬ್ಬಾತಿನ ಚಾಲಕನ ಆಸನದಲ್ಲಿ ಕೂರಲು ಬಿಟ್ಟರು. ಮುಂದಿನ ಗಾಜಿನಿಂದ ಹಳಿ ಬಹಳ ಹತ್ತಿರ ಕಾಣುತ್ತದೆ. ಅಷ್ಟು ಹತ್ತಿರದಿಂದ ಕಂಡರೆ ಹಳಿಯ ಒಂದೊಂದು ದೋಷವೂ ಚಾಲಕನ ಕಣ್ಣಿಗೆ ಬಿದ್ದಿರಲೇಬೇಕು; ಹಳಿ ರಿಪೇರಿಯ ಗ್ಯಾಂಗಿನವರಿಗೆ ಅವನಿಂದ ಎಷ್ಟು ಬೈಗುಳ ಸಿಕ್ಕಿರಬಹುದು ಎಂದೆ. ಅವರು ನಕ್ಕು, ಗ್ಯಾಂಗಿನಲ್ಲಿ ಜನ ಇದ್ದರಲ್ಲವೇ ಬೈಯುವುದಕ್ಕೆ ಎಂದರು.

ಹೆಬ್ಬಾತು ಉಳಿಸಿದ್ದು ಅಂಚೆಯನ್ನು. ಸರಕನ್ನು ಎಳೆಯಲು ಉಗಿ ಇಂಜಿನ್ನುಗಳೇ ಬೇಕಿದ್ದವು. ಆ ಸರಕಿನಲ್ಲಿ ಡೊಲೊರೆಸ್ ಸುತ್ತಿನ ಮರಮುಟ್ಟೂ ಸೇರಿತ್ತು. ಪಟ್ಟಣದ ಸಮೀಪ 1924ರಲ್ಲಿ ಮಕ್‌ಫೀ ಎಂಬ ಕಂಪನಿ ಊರು ಎದ್ದು, ಅಲ್ಲಿನ ದೊಡ್ಡ ಸಾಮಿಲ್ ರೈಲಿಗೆ ಕೆಲಸ ಕೊಟ್ಟಿತು. ಸಾಮಿಲ್ 1948ರಲ್ಲಿ ಸುಟ್ಟುಹೋಯಿತು. 1980ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿತು. ಸಂಜೆ ಆ ಜಲಾಶಯದ ದಂಡೆಗೆ ಹೋಗಿ ಬಂದೆವು. ನೀರು ಮಾತ್ರ ಕಂಡಿತು.

ಐದನೆಯ ದಿನ: ಮ್ಯಾಂಕೋಸ್ ಮೂಲಕ ಡುರಾಂಗೊ

ಈ ದಿನ ಹೆಚ್ಚು ನಿಲ್ಲಲಿಲ್ಲ. ಡೊಲೊರೆಸ್‌ನಿಂದ ಲಾಸ್ಟ್ ಕ್ಯಾನ್ಯನ್ ಒಳಗೆ ಹೋಗುತ್ತಿದ್ದ ಹಳಿಯ ಜಾಡನ್ನು ಕಾರಿನಲ್ಲಿ ಹಿಂಬಾಲಿಸಲಾಗದು. ಮ್ಯಾಂಕೋಸ್‌ನಲ್ಲಿ ಮೇಸಾ ವರ್ಡೆಯ ಬಂಡೆಮನೆಗಳನ್ನು ನೋಡುವಂತೆ ಮಗಳು ಒತ್ತಾಯಿಸಿದಳು. ಮೂರು ಗಂಟೆಯ ಭೇಟಿಗೆ ಒಪ್ಪಿಕೊಂಡೆ, ಒಪ್ಪಿದ್ದು ಒಳ್ಳೆಯದಾಯಿತು. ಆದರೆ ಅದು ಬೇರೆಯೇ ಲೇಖನದ ವಿಷಯ.

ಡುರಾಂಗೊ ಬಳಿ ಅನಿಮಾಸ್ ನದಿಯ ಪಕ್ಕ ನಾಯಿಗಳನ್ನು ಓಡಾಡಿಸುವ ವಿಶಾಲ ಬಯಲಿದೆ. ಅಲ್ಲಿ ಮೊದಲು ಅದಿರು ಕರಗಿಸುವ ಕುಲುಮೆಯಿತ್ತು, ಆಮೇಲೆ ವೆನೇಡಿಯಂ ಕಾರ್ಖಾನೆ. ಎರಡನೆಯ ಮಹಾಯುದ್ಧದಲ್ಲಿ ಉಕ್ಕನ್ನು ಗಟ್ಟಿಗೊಳಿಸಲು ವೆನೇಡಿಯಂ ಬೇಕಾಯಿತು. ಅದೇ ಅದಿರಿನ ಉಳಿಕೆಯಿಂದ ಅಣುಬಾಂಬಿನ ಯೋಜನೆಗೆ ಬೇಕಾದ ಯುರೇನಿಯಂ ಗುಟ್ಟಾಗಿ ತೆಗೆಯಲಾಯಿತು. ಗುಜರಿಗೆ ಹೋಗಬೇಕಿದ್ದ ರೈಲನ್ನು ಉಳಿಸಲು 1942ರಲ್ಲಿ ಡಿಫೆನ್ಸ್ ಸಪ್ಲೈಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ಹಣ ಹೂಡಿದ್ದು ಈ ಅದಿರಿನ ಸಾಗಣೆಗಾಗಿ. ಯುದ್ಧ ಮುಗಿದ ಮೇಲೆ ಬಿಟ್ಟುಹೋದ ಯುರೇನಿಯಂ ಕಸವನ್ನು ಈ ಬಯಲಿನಿಂದ ತೆಗೆದು ಬೇರೆಡೆ ಹೂಳಿದ್ದು 1986ರಿಂದ 1991ರ ನಡುವೆ. ಹೀಗೆ ಕುರಿ, ಅಂಚೆ, ಮರ, ಯುದ್ಧ ಒಂದಾದ ಮೇಲೊಂದು ಬಂದು ಹೆಗಲು ಕೊಟ್ಟಿದ್ದವು. 1950ರಲ್ಲಿ ಅಂಚೆ ಲಾರಿಗೆ ಹೋಯಿತು. ಹೆಬ್ಬಾತುಗಳ ಸರಕು ಪೆಟ್ಟಿಗೆಯಲ್ಲಿ ಕಿಟಕಿ ಕೊರೆದು, ಆಸನ ಹಾಕಿ, ಬೇಸಿಗೆಯ ಪ್ರವಾಸಿಗರನ್ನು ಒಯ್ದರು. ಬೇಸಿಗೆ ಮೂರು ತಿಂಗಳಷ್ಟೆ. 1951ರ ಕೊನೆಗೆ ಓಡಾಟ ನಿಂತಿತು, ಮುಂದಿನ ಎರಡು ವರ್ಷಗಳಲ್ಲಿ ಹಳಿ ಕಿತ್ತರು.

ಡುರಾಂಗೊ ನಿಲ್ದಾಣದ ಸಂಗ್ರಹಾಲಯದಲ್ಲಿ ಈ ಮಾರ್ಗದ 42ನೆಯ ನಂಬರಿನ ಇಂಜಿನ್ನು ತಣ್ಣಗೆ ನಿಂತಿದೆ. ಹೊರಗೆ, ಸಿಲ್ವರ್‌ಟನ್‌ಗೆ ಹೋಗಿ ಬಂದ ಪ್ರವಾಸಿ ಗಾಡಿ ಉಗಿ ಬಿಡುತ್ತ ಯಾರ್ಡಿಗೆ ಹಿಂತಿರುಗುತ್ತಿತ್ತು. ಅದೇ ಗೇಜು, ಅದೇ ಪರ್ವತ. ಆದರೆ 45 ಮೈಲಿ ಮಾತ್ರ, ಅದೂ ನದಿಯ ದಂಡೆಯಲ್ಲೇ.

ಆರನೆಯ ದಿನ: ಕಮರಿ

ಡುರಾಂಗೊದಿಂದ ರಸ್ತೆಯಲ್ಲಿ ಸಿಲ್ವರ್‌ಟನ್, ಅಲ್ಲಿಂದ ರೆಡ್ ಮೌಂಟನ್ ಪಾಸ್. 11,000 ಅಡಿಗೂ ಎತ್ತರದ ಆ ಕಣಿವೆಯ ಸುತ್ತ ಮಿಯರ್ಸ್‌ನ ಸಿಲ್ವರ್‌ಟನ್ ರೈಲ್‌ರೋಡ್ ಹರಿದಾಡಿತ್ತು. ಕಾರ್ಕ್‌ಸ್ಕ್ರೂ ಗಲ್ಚ್ ಎಂಬಲ್ಲಿ ಹಳಿ ತಿರುಗಲು ಜಾಗವೇ ಸಾಲದೆ, ಮುಖ್ಯ ಮಾರ್ಗದ ನಡುವೆಯೇ ಟರ್ನ್‌ಟೇಬಲ್ ಇಟ್ಟು ಇಂಜಿನ್ನನ್ನು ತಿರುಗಿಸಿ ಮುಂದೆ ಕಳುಹಿಸುತ್ತಿದ್ದರು. ಇಂಥದ್ದನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಇಷ್ಟು ಮಾಡಿದವನು ಎಂಟು ಮೈಲಿಗೆ ಏಕೆ ಸೋತ?

ಐರನ್‌ಟನ್‌ನ ಬಯಲಿನಲ್ಲಿ ಕಾರು ನಿಲ್ಲಿಸಿ, ಹೋಟೆಲಿನ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಇಲ್ಲಿನ ಎತ್ತರ ಸುಮಾರು 9,800 ಅಡಿ. ಯೂರೇ ಸುಮಾರು 7,800 ಅಡಿ. ಇಳಿತ 2,000 ಅಡಿ. ಎಂಟು ಮೈಲಿ ಎಂದರೆ 42,240 ಅಡಿ. ಎಂದರೆ ಸರಾಸರಿ 21ಕ್ಕೆ 1. ಆತನ ಮಾರ್ಗ ತಡೆಯುತ್ತಿದ್ದದ್ದು 25ಕ್ಕೆ 1. ಅದಕ್ಕೆ ತರಬೇಕಾದರೆ 50,000 ಅಡಿ ಹಳಿ ಬೇಕು. ಎಂಟು ಮೈಲಿಯ ಕಮರಿಯಲ್ಲಿ ಇನ್ನೂ ಒಂದೂವರೆ ಮೈಲಿಯನ್ನು ಎಲ್ಲಾದರೂ ಸುತ್ತಿಸಿ ಅಡಗಿಸಬೇಕು. ಕಾಗದದ ಮೇಲೆ ಅಸಾಧ್ಯವಲ್ಲ. ಓಫರ್‌ನಲ್ಲಿ ಅದನ್ನೇ ಮಾಡಿದ್ದ.

"ಹಾಗಾದರೆ ಇಲ್ಲಿ ಯಾಕೆ ಮಾಡಲಿಲ್ಲ ಅಪ್ಪ?" ಎಂದಳು ಮಗಳು.

ಬೇರ್ ಕ್ರೀಕ್ ಜಲಪಾತದ ಬಳಿ ಬಂದಾಗ ಹೇಳುವ ಅಗತ್ಯ ಉಳಿಯಲಿಲ್ಲ. ಮಿಯರ್ಸ್‌ನ ಸುಂಕದಕಟ್ಟೆ ಇದ್ದದ್ದು ಇಲ್ಲಿ. ಆತನ ಸ್ಮಾರಕ ಫಲಕವೂ ಇಲ್ಲಿದೆ. ಬಲಕ್ಕೆ ಬಂಡೆ ನೆತ್ತಿಯ ಮೇಲೆ ಚಾಚಿದೆ, ಎಡಕ್ಕೆ ತಡೆಗೋಡೆಯಿಲ್ಲದ ಪ್ರಪಾತ, ನಡುವೆ ಆತನ ಹಳೆಯ ಬಂಡಿದಾರಿಯನ್ನೇ ಅಗಲಿಸಿದ ರಸ್ತೆ. ಒಂದು ಅರ್ಧ ವೃತ್ತಕ್ಕೆ ಬೇಕಾದ ಸಮತಟ್ಟು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಎಲ್ಲಿಯೂ ಇರಲಿಲ್ಲ. ಮೇಲಿನ ಇಳಿಜಾರುಗಳಲ್ಲಿ ಮರಗಳಿಲ್ಲದ ಉದ್ದನೆಯ ಪಟ್ಟೆಗಳು ನೇರವಾಗಿ ರಸ್ತೆಯವರೆಗೆ ಇಳಿದಿದ್ದವು, ಪ್ರತಿ ಚಳಿಗಾಲ ಹಿಮ ಕುಸಿದು ಬರುವ ದಾರಿಗಳು ಅವು. ಸುತ್ತು ಹಾಕಿಸಿದ್ದರೆ ಹಳಿ ಅದೇ ಪಟ್ಟೆಯನ್ನು ಎರಡೆರಡು ಬಾರಿ ದಾಟಬೇಕಿತ್ತು. ನನ್ನನ್ನು ಕೇಳಿದ್ದರೆ ನಾನೂ ಬೇಡವೆಂದೇ ವರದಿ ಬರೆಯುತ್ತಿದ್ದೆ.

ಮಗಳು ಗಡಿಯಾರ ನೋಡಿಕೊಂಡಿದ್ದಳು. ಫಲಕದ ಬಳಿ ನಿಂತ ಹೊತ್ತನ್ನು ಬಿಟ್ಟರೆ ಐರನ್‌ಟನ್‌ನಿಂದ ಯೂರೇಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಯೂರೇಯಲ್ಲಿ ಪೆಟ್ರೋಲ್ ತುಂಬಿಸಿ, ಇನ್ನು ಹತ್ತು ಮೈಲಿ ಹೋಗಿ, ಐದು ದಿನದ ಹಿಂದೆ ಬಂದಿಳಿದ ರಿಜ್‌ವೇಯ ಅದೇ ಹೋಟೆಲಿನಲ್ಲಿ ಕೋಣೆ ಕೇಳಿದೆವು.